ಸೀಟು ತುಂಬೋತನಕ

ಸಾಂಬ್ರಾದ ರನ್‌ವೇ ಮಗ್ಗಲಿಗೆ ನಮ್ಮ ಆಫೀಸು.
ಒಂದು ಟೇಬಲ್ಲು, ಎರಡು ಫೋನು, ನೀರಿನ ಕ್ಯಾನು,
ಕಿಟಕಿಯಾಚೆ ನಾಲ್ಕೇ ಸೀಟಿನ ಬಿಳಿ ಜೆಟ್ಟು.
ಕರೆದಾಗ ಬರುತ್ತದೆ, ಹೇಳಿದಲ್ಲಿ ಇಳಿಸುತ್ತದೆ
ಎಂದು ಬೋರ್ಡಿನ ಮೇಲಿದೆ,
ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ.

ಫೋನು ಎತ್ತುವುದು ನನ್ನ ಕೆಲಸ.
ಎಲ್ಲರೂ ಕೇಳುವುದು ಒಂದೇ: "ರೇಟ್ ಎಷ್ಟ್ರೀ?"
ಹೇಳಿದ ಮೇಲೆ ಒಂದು ಮೌನ.
ಈಗೀಗ ಮೌನದ ಜಾತಿ ಗುರುತು ಸಿಗುತ್ತದೆ:
ಗೋಕಾಕದ್ದು ತಟ್ಟನೆ ನಕ್ಕು ಇಟ್ಟುಬಿಡುತ್ತದೆ,
ನಿಪ್ಪಾಣಿಯ ತಂಬಾಕಿನ ಸಾವಕಾರರದು
ಒಳಗೊಳಗೇ ನಾಲ್ಕರಿಂದ ಭಾಗಿಸುತ್ತಿರುತ್ತದೆ.

ಶ್ರಾವಣದ ಒಂದು ರಾತ್ರಿ ಹುಕ್ಕೇರಿಯಿಂದ ಹೆಣ್ಣುದನಿ.
ಅವಳೊಬ್ಬಳು ರೇಟು ಕೇಳಲಿಲ್ಲ.
ಟವರಿನವರು ಆಗಲೇ ದೀಪ ಆರಿಸಿ ಹೋಗಿದ್ದರು.
ಬೆಳಿಗ್ಗೆ ನಾನೇ ತಿರುಗಿ ಮಾಡಿದೆ.
"ಬ್ಯಾಡ್ರಿ" ಅಂದರು ಯಾರೋ ಗಂಡಸು, ಬಹಳ ಮೆಲ್ಲಗೆ.

ಗೇಟಿನ ಹೊರಗೆ ಅಡಿವೆಪ್ಪನ ಕ್ರೂಸರು.
"ಹನ್ನೊಂದ ಮಂದಿ ತುಂಬೋತನಕ
ನಾ ಕೀಲಿ ತಿರವಂಗಿಲ್ಲ ಅಕ್ಕಾರ.
ನಿಮ್ಮದು ಒಬ್ಬಗ ಹಾರತೈತಿ. ಹಾರ್ಲಿ, ಹೊಟ್ಟಿಕಿಚ್ಚಿಲ್ಲ.
ಖರೆ ಹೋಗೂದಲ್ಲ, ಬರೂದು ಹೇಳ್ರಿ.
ಬರಾಗ ಯಾರ ಕುಂತಿರ್ತಾರ?"

ಅಂದು ಲೆಕ್ಕದ ಹಾಳೆ ಮುಂದಿಟ್ಟುಕೊಂಡೆ.
ಬರಾಗ ಕುಂತವರು: ಇಬ್ಬರು ಪೈಲಟ್ಟರು,
ಮಡಚಿದ ಮಡಿಕೆ ಬಿಚ್ಚದ ಪೇಪರು,
ಮುಚ್ಚಳ ತೆರೆಯದ ನೀರಿನ ಬಾಟಲಿ ನಾಲ್ಕು.
ಖಾಲಿ ಹೊಟ್ಟೆಯಲ್ಲಿ ಬಂದರೂ ಎಂಜಿನ್ನು
ಎಣ್ಣೆ ಕುಡಿಯುವುದು ಬಿಡುವುದಿಲ್ಲ.

ಮಾಲಕರು ನಗುತ್ತಾರೆ: "ರೂಢಿ ಆಗಬೇಕ್ರಿ ಮಂದಿಗೆ.
ಮೊದಲ ಮೊಬೈಲ್ ಬಂದಾಗ
ಬರೋ ಫೋನಿಗೂ ರೊಕ್ಕ ಕೊಟ್ಟಿಲ್ಲೇನು ನಾವು?"
ಕೊಟ್ಟಿದ್ದೆವು, ನಿಜ.
ರಿಂಗಾದರೆ ಕಟ್ ಮಾಡಿ, ಎಸ್‌ಟಿಡಿ ಬೂತಿಗೆ ಓಡಿದ್ದೂ ನಿಜ.

ರೂಢಿಯಾದವರು ಒಬ್ಬರೇ,
ಉದ್ಯಮಬಾಗಿನ ಫೌಂಡ್ರಿಯ ಪದ್ಮಣ್ಣ ಉಪಾಧ್ಯೆ.
ತೊಡೆಯ ಮೇಲೆ ಬಿರುಕು ಬಿಟ್ಟ ಪಂಪಿನ ಕೇಸಿಂಗು ಇಟ್ಟುಕೊಂಡು
ಹೈದರಾಬಾದಿಗೆ ಹೋಗಿ, ಜಗಳ ಆಡಿ, ಆರ್ಡರು ಉಳಿಸಿಕೊಂಡು
ಹೊತ್ತು ಮುಳುಗುವ ಮೊದಲು ಮನೆಯಲ್ಲಿ ಉಣ್ಣುತ್ತಾರೆ.
"ಮುಳುಗಿದ ಮ್ಯಾಲೆ ತುತ್ತು ಮುಟ್ಟಂಗಿಲ್ಲ ನಾವು.
ಆ ಊಟಕ್ಕ ನೋಡ್ರಿ ರೊಕ್ಕ ಕೊಡೂದು."

ಕಳೆದ ಶುಕ್ರವಾರ ನಾನೊಂದು ಉಪಾಯ ಮಾಡಿದೆ.
ಅವರು ಬರುವ ವಿಮಾನದ ಖಾಲಿ ಸೀಟು ಮಾರಲು
ಹೈದರಾಬಾದಿನಲ್ಲಿರುವ ಬೆಳಗಾವಿಯವರಿಗೆಲ್ಲ ಫೋನು.
"ಒಂದೇ ಸೀಟು ಉಳಿದೈತ್ರಿ, ಅರ್ಧ ರೇಟು."
ಮೂರು ಉಳಿದಿದ್ದವು.
ನನ್ನ ದನಿ ನನಗೇ ಕೇಳಿಸಿತು, ಥೇಟ್ ಅಡಿವೆಪ್ಪನದು:
ಹೊಂಟತ್ ನೋಡ್ರಿ, ಬೈಲಹೊಂಗಲ, ಬೈಲಹೊಂಗಲ.

ಇಬ್ಬರು ಸಿಕ್ಕರು. ಒಬ್ಬ ತಡ ಮಾಡಿದ.
ಅಲ್ಲಿಂದ ಪದ್ಮಣ್ಣನ ಫೋನು: "ಯಾಕ ಬಿಡವಲ್ರು?"
"ಇನ್ನೊಬ್ರು ಬರೋದದ ಸರ್, ದಾರ್ಯಾಗ ಅದಾರ."
"ಹಂಗಾದ್ರ ಇದು ಕ್ರೂಸರ್ ಆತಲ್ಲವಾ."

ಬಿಟ್ಟಾಗ ಇಳಿಹೊತ್ತು.
ಆಮೇಲೆ ಪೈಲಟ್ಟು ಹೇಳಿದ್ದು:
ಕೆಳಗೆ ಹೊಲಗಳೆಲ್ಲ ಕತ್ತಲಾಗಿ, ಊರುಗಳಲ್ಲಿ ದೀಪ ಹತ್ತಿದ್ದವಂತೆ.
ಮೇಲೆ, ಪಡುವಣಕ್ಕೆ ಓಡುವ ಜೆಟ್ಟಿನ ಮುಂದೆ
ಸೂರ್ಯ ಅಂಚಿಗೆ ಕೈ ಹಿಡಿದುಕೊಂಡಂತೆ ಇದ್ದನಂತೆ.
ಪದ್ಮಣ್ಣ ಡಬ್ಬಿಯ ಮುಚ್ಚಳಕ್ಕೆ ಬೆರಳಿಟ್ಟು
"ಇದು ಇದ್ದ ಲೆಕ್ಕನೋ, ಮುಳುಗಿದ ಲೆಕ್ಕನೋ?" ಅಂದರಂತೆ.
ಪಕ್ಕದ ಅರ್ಧ ರೇಟಿನ ಹುಡುಗ
ಕಿಟಕಿಗೆ ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದನಂತೆ.

ಉಂಡರೋ ಇಲ್ಲವೋ ಪೈಲಟ್ಟು ನೋಡಲಿಲ್ಲ.
ನಾನು ಹಾಳೆಯಲ್ಲಿ ಬರೆದೆ: ಬರಾಗ, ಮೂವರು.
ಹೊರಗೆ ಅಡಿವೆಪ್ಪ ಹತ್ತು ಮಂದಿ ಕೂಡಿಸಿಕೊಂಡು
ರಸ್ತೆಯ ಆ ತುದಿ ನೋಡುತ್ತಿದ್ದ.